ಒಂದೇ ಜಾಗ

ರಾತ್ರಿ ಹನ್ನೊಂದೂಕಾಲಿಗೆ ನಿನ್ನನ್ನು ಹೊತ್ತು ತಂದರು, ಓಯಾರ್ಸ್,
ಹಡಗು ಬೆಸೆಯುವ ಇಬ್ಬರು, ಕೈಗವಸು ಕೂಡ ತೆಗೆಯದೆ.
"ಹಿಮ ಬೀಳ್ತಿದೆ," ಅಂದೆ ನೀನು, ಕಣ್ಣು ಪೂರಾ ತೆರೆದು,
"ಒಳಗೇ ಬೀಳ್ತಿದೆ, ಮುಚ್ಚಿ ಯಾರಾದರೂ."
ಕಿಟಕಿಯಾಚೆ ಲಿಯೆಪಾಯಾದ ಬಂದರು,
ಒಣ ಚಳಿ, ಬಾಲ್ಟಿಕ್ ಗಾಳಿ.
ಹಿಮದ ಒಂದು ಎಸಳೂ ಇರಲಿಲ್ಲ.

ಗ್ಯಾರೇಜಿನ ಹಿಂದೆ ಯಾರೋ ಕ್ಯಾನಿನಿಂದ ಅಳೆದು ಮಾರಿದ್ದಂತೆ.
ಅಗ್ಗ. ವಾಸನೆ ಅದೇ. ಮತ್ತೂ ಅದೇ.
ಹೆಸರಲ್ಲಿ ಮಾತ್ರ ಒಂದಕ್ಷರದ ಅಂತರ.

ಡಾಕ್ಟರ್ ಔಸ್ಮಾ ಇಸಿಜಿ ಕಾಗದದ ಬೆನ್ನ ಮೇಲೆ
ಒಂದು ಗುಂಡಿ ಬರೆದರು, ಅದರ ತಳದಲ್ಲಿ ಚುಕ್ಕಿ.
"ಚುಕ್ಕಿ ಸತುವು. ಗುಂಡಿ ಕಿಣ್ವ.
ಇವನ ಈಲಿಯಲ್ಲಿ ಇಂಥವು ಕೋಟಿ ಕೋಟಿ.
ಕುಡಿದದ್ದು ಇನ್ನೂ ವಿಷವಲ್ಲ,
ವಿಷ ಮಾಡಿಕೊಡುವುದು ಇದು."

ಕೆಟ್ಟದ್ದೇನಲ್ಲ ಪಾಪ.
ಹುಟ್ಟಿದಂದಿನಿಂದ ಕಲಿತದ್ದೊಂದೇ ಕಸುಬು:
ಗುಂಡಿಗೆ ಬಂದದ್ದನ್ನು ಹಿಡಿ, ಎರಡು ಹೈಡ್ರೋಜನ್ ಕೀಳು, ಬಿಡು.
ಮತ್ತೆ ಹಿಡಿ.
ತಾನು ಸವೆಯದು, ದಣಿಯದು,
ನೀನು ಯಾರ ಪೈಕಿ ಎಂದು ಕೇಳದು.
ಹಾಗೆ ಬಿಟ್ಟದ್ದು ಮುಂದಿನ ಕೈಯಲ್ಲಿ ಇರುವೆಯ ಹುಳಿಯಾಗಿ,
ಜೀವಕೋಶದೊಳಗೆ ಉಸಿರನ್ನು ಉರಿಸುವ
ಇನ್ನೊಂದು ಕಿಣ್ವದ ಕತ್ತು ಹಿಡಿಯುತ್ತದೆ.
ಮೊದಲು ಆರುವ ದೀಪ, ಕಣ್ಣಿನ ನರ.

"ಕಿಣ್ವವನ್ನು ಕೊಲ್ಲೋಣವೇ?" ಕೇಳಿದೆ.
"ಬೇಡ. ಪುರುಸೊತ್ತು ಕೊಡದಿರೋಣ."

ನಿನಗೆ ಗೊತ್ತಿರುತ್ತೆ ಇದು, ಓಯಾರ್ಸ್:
ಮೂರನೇ ಕಟ್ಟೆಯಲ್ಲಿ ಮರದ ದಿಮ್ಮಿಯ ಹಡಗು ತಂಗಿದ್ದರೆ
ಸೋರುವ ಪೀಪಾಯಿಗಳ ಹಡಗು ಹೊರಗೆ ಕೂಗುತ್ತಿರುತ್ತದೆ.
ಯಾರೂ ಅದರ ಮೇಲೆ ಗುಂಡು ಹಾರಿಸುವುದಿಲ್ಲ.
ಜಾಗವಿಲ್ಲ, ಅಷ್ಟೇ.
ಕೂಗಿ ಕೂಗಿ ಅದು ಬಂದ ದಾರಿಯಲ್ಲೇ ಹೋಗುತ್ತದೆ,
ಒಂದು ಪೀಪಾಯಿಯನ್ನೂ ಇಳಿಸದೆ.

ಕಟ್ಟೆ ತುಂಬಿಸುವ ಮದ್ದು ರೀಗಾದಿಂದ ಬರಬೇಕು, ಬೆಳಗಾಗುತ್ತದೆ.
ಅದಿಲ್ಲದಿದ್ದರೆ ಒಳ್ಳೆಯ ಸಾರಾಯಿಯಾದರೂ ಆದೀತು,
ಕಿಣ್ವಕ್ಕೆ ಅದರ ಮೇಲೇ ಮೋಹ ಹೆಚ್ಚು.
ಅಂಗಡಿಗಳು ಹತ್ತಕ್ಕೇ ಮುಚ್ಚಿದ್ದವು.
ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.
"ನನ್ನ ಮನೆಯಲ್ಲಿದೆ," ಅಂದೆ.
ನನ್ನ ದನಿ ನನಗೇ ಕೇಳಿತು.

ಹಿಟ್ಟಿನ ಡಬ್ಬಿಯ ಹಿಂದೆ, ಆರು ವರ್ಷದಿಂದ.
ಅಣ್ಣ ತಾಲಿವಾಲ್ಡಿಸ್ ಒಡೆಯದೆ ಬಿಟ್ಟುಹೋದ ಒಂದೇ ಬಾಟಲಿ.
ಇದೇ ಕಿಣ್ವವನ್ನು ಹಗಲಿರುಳು ದುಡಿಸಿ ದುಡಿಸಿ
ಹಳದಿಯಾಗಿ ಸತ್ತವನು.
ಉಪ್ಪು ತಿಂದ, ನೀರು ಕುಡಿದ ಅಂದರು ನೆಂಟರು.
ಚೆಲ್ಲಬೇಕು ಅಂದುಕೊಳ್ಳುತ್ತಿದ್ದೆ ಪ್ರತಿ ಭಾನುವಾರ.
ಚೆಲ್ಲಲಿಲ್ಲ. ಯಾಕೆ ಅಂತ ಕೇಳಬೇಡ.

ಗಂಟೆಗೊಮ್ಮೆ ಅಳೆದೆ, ನೀರು ಬೆರೆಸಿದೆ,
ನಿನ್ನ ಮೂಗಿನ ನಳಿಕೆಯಲ್ಲಿ ಸುರಿದೆ.
ಅವನ ಕೈಯಿಂದ ಕಸಿದುಕೊಳ್ಳುತ್ತಿದ್ದ ಇದೇ ಕೈ.
ಪೊಲೀಸನೊಬ್ಬ ತನ್ನ ಉಸಿರು ಅಳೆಯುವ ಯಂತ್ರ ಕೊಟ್ಟ.
"ಅಂಕಿ ಇಳಿದರೆ ಹೇಳಿ," ಅಂದರು ಡಾಕ್ಟರ್.
ಅವನು ಟೋಪಿ ತೆಗೆದು ತಲೆ ಕೆರೆದ:
"ಇಳಿಯಬಾರದು ಅಂತ ಪ್ರಾರ್ಥಿಸೋದು ಇದೇ ಮೊದಲು."
ನಾವು ನಕ್ಕೆವು. ನೀನೂ ನಕ್ಕೆ, ಬೇರೆ ಯಾವುದಕ್ಕೋ.

ನಾಲ್ಕಕ್ಕೆ ರಕ್ತ ತೊಳೆಯುವ ಯಂತ್ರ ಸದ್ದು ಮಾಡತೊಡಗಿತು.
ಬಾಗಿಲಾಚೆ ಕಾದು ಕಾದು ಸೋತದ್ದು
ಬಂದ ಹಾಗೆಯೇ ಹೊರಟಿತು, ಯಾರೂ ಮುಟ್ಟದೆ.
ಆದರೆ ನಾವು ಕಟ್ಟೆ ತುಂಬುವ ಮೊದಲೇ ಎಷ್ಟು ಇಳಿದಿತ್ತೋ,
ಲೆಕ್ಕ ಇಟ್ಟವರಿಲ್ಲ.

ಬೆಳಗ್ಗೆ ನನ್ನ ಕಡೆ ತಿರುಗಿದೆ.
"ನೀಲಿ ಅಂಗಿನಾ?"
ಹಸಿರು. ಆದರೂ ಅಂಗಿ ಅಂದೆಯಲ್ಲ,
ಹಿಮ ಅನ್ನಲಿಲ್ಲವಲ್ಲ.

ಔಷಧಿ ರಿಜಿಸ್ಟರಿನಲ್ಲಿ ಪ್ರಮಾಣ ಬರೆದೆ, ವೇಳೆ ಬರೆದೆ.
'ಒದಗಿಸಿದವರು' ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
ಆಮೇಲೆ ಅಣ್ಣನ ಹೆಸರು ಬರೆದೆ,
ಪೂರ್ತಿ, ದುಂಡಗೆ.